ಮಡಚಿಕೊಂಡ ಕೈ

ದಿಬ್ಬೂರಹಳ್ಳಿ
12 ಜೂನ್ 2024

ಸಂಘೂ,

ಭಾನುವಾರ ಫೋನಿನಲ್ಲಿ ನನ್ನ ಉಸಿರು ಮಾತ್ರ ಕೇಳಿಸ್ತು ಅಂತ ನೀನು ಅಳೋಕೆ ಶುರು ಮಾಡಿದೆ. ಚಿಕ್ಕಪ್ಪ ಫೋನ್ ಈಸ್ಕೊಂಡು “ನೆಟ್‌ವರ್ಕ್ ಸರಿ ಇಲ್ಲ ಕಣಮ್ಮ” ಅಂದುಬಿಟ್ರು. ಇಷ್ಟು ವರ್ಷ ಬಸ್ಸಲ್ಲಿ ಕಂಡಕ್ಟರ್ ಆಗಿದ್ರೂ ಅವರಿಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ. ನೆಟ್‌ವರ್ಕ್ ಚೆನ್ನಾಗೇ ಇತ್ತು. ಹೋಗಿರೋದು ನನ್ನ ದನಿ.

ಕುತ್ತಿಗೆಯ ಗಡ್ಡೆ ನೀನು ಚಿಕ್ಕೋಳಿದ್ದಾಗಿಂದ ನೋಡಿದ್ದೀಯ. ಈ ಬೇಸಿಗೇಲಿ ಅದು ಊದಿಕೊಂಡು ಮುದ್ದೆ ನುಂಗೋಕೂ ಕಷ್ಟ ಆಯ್ತು. ಬೆಂಗಳೂರಿಗೆ ಹೋಗಿ ಥೈರಾಯ್ಡ್ ಪೂರ್ತಿ ತೆಗೆಸ್ಕೊಂಡು ಬಂದೆ. ಕೆಟ್ಟ ಗಡ್ಡೆ ಅಲ್ಲ ಅಂತ ಪರೀಕ್ಷೆ ಮಾಡಿ ಹೇಳಿದ್ದಾರೆ, ಅದಕ್ಕೆ ಹೆದರ್ಬೇಡ. ದನಿಯ ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ಬಂದ್ರೆ ನಿಧಾನಕ್ಕೆ ಬರುತ್ತೆ ಅಂದ್ರು. ನಿನಗೆ ಮೊದಲೇ ಹೇಳಿದ್ರೆ ಪುಣೆಯಿಂದ ಓಡಿ ಬರ್ತಿದ್ದೆ. ಓದು ಬಿಟ್ಟು ಬರೋದು ಬೇಡ ಅಂತ ನಾನೇ ಎಲ್ಲರ ಬಾಯಿ ಕಟ್ಟಿಸಿದೆ.

ಅಂಗನವಾಡಿಗೆ ಹೋಗ್ತಾ ಇದ್ದೀನಿ. ನನಗೆ ಪಿಸುಮಾತು ಬಿಟ್ರೆ ಬೇರೆ ಬರಲ್ಲ ನೋಡು, ಈಗ ಮಕ್ಕಳೂ ಪಿಸುಗುಡ್ತಾವೆ. ಹದಿನೆಂಟು ಮಕ್ಕಳು ಕೂತು ಪಿಸುಪಿಸು ಅಂತ ಪದ್ಯ ಹೇಳಿದ್ರೆ ರೇಷ್ಮೆಹುಳ ಸೊಪ್ಪು ತಿಂದ ಹಾಗೆ ಸದ್ದು. ಮೊನ್ನೆ ಸೂಪರ್‌ವೈಸರ್ ಕವಿತ ಮೇಡಂ ಬಂದವರು ಬಾಗಿಲಲ್ಲೇ ನಿಂತು “ಏನ್ರೀ, ಎಲ್ಲಾ ಮಲಗಿದ್ದಾವಾ?” ಅಂದ್ರು. ಕೂಗಬೇಕಾದಾಗ ಸಹಾಯಕಿ ಅಮ್ಮಾಜಮ್ಮ ನನ್ನ ಪಾಲಿಂದೂ ಸೇರಿಸಿ ಕೂಗ್ತಾಳೆ.

ಮೊಬೈಲಲ್ಲಿ ಒತ್ತಿ ಕಳಿಸು ಅನ್ಬೇಡ. ಇಲಾಖೆ ಆಪ್‌ನಲ್ಲಿ ಮಕ್ಕಳ ತೂಕ ತುಂಬಿಸೋದ್ರಲ್ಲೇ ನನ್ನ ಕಣ್ಣು ಸೋತು ಹೋಗುತ್ತೆ. ಕಾಗದ ಬರಿ. ನೀನು ಅಲ್ಲಿ ಏನು ಓದ್ತೀಯ ಅಂತ ಅಮ್ಮಾಜಮ್ಮ ಕೇಳಿದ್ಲು. ಮಾಂಸಖಂಡ ಅಂದೆ. “ಅದ್ರಲ್ಲಿ ಓದೋಕೇನೈತೆ?” ಅಂದ್ಲು. ನೀನೇ ಬರೆದು ಹೇಳು.

ನಿನ್ನ ಚಿಕ್ಕಮ್ಮ,
ಗಂಗುಲಮ್ಮ


ಪುಣೆ
20 ಜೂನ್ 2024

ಚಿಕ್ಕಮ್ಮ,

ನಿನ್ನ ಮೇಲೆ ತುಂಬಾ ಕೋಪ ಇದೆ. ಅಮ್ಮ ಹೋದಾಗ ನಾನು ಮೂರನೇ ಕ್ಲಾಸು. ಅವತ್ತು ನೀನು ನನ್ನ ಕೂರಿಸ್ಕೊಂಡು “ಇನ್ಮೇಲೆ ಏನಾದ್ರೂ ನನಗೆ ಮೊದಲು ಹೇಳ್ಬೇಕು” ಅಂದಿದ್ದೆ. ಆ ಮಾತು ನನಗೊಬ್ಬಳಿಗೇನಾ?

ಆದ್ರೂ ಕಾಗದ ಎದೆಗಿಟ್ಟುಕೊಂಡು ಮಲಗಿದ್ದೆ. ಅದನ್ನೂ ಹೇಳಿಬಿಡ್ತೀನಿ.

ಅಮ್ಮಾಜಮ್ಮನಿಗೆ ಉತ್ತರ ಇಲ್ಲಿದೆ. ಸ್ನಾಯುವಿನ ಒಂದೇ ಒಂದು ಎಳೆಯನ್ನ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಉದ್ದಕ್ಕೂ ಪಟ್ಟೆ ಪಟ್ಟೆ ಕಾಣುತ್ತೆ. ಅದರೊಳಗೆ ಎರಡು ಬಗೆಯ ದಾರ. ದಪ್ಪ ದಾರಕ್ಕೆ ಮಯೋಸಿನ್ ಅಂತ ಹೆಸರು, ಸಣ್ಣದಕ್ಕೆ ಆಕ್ಟಿನ್. ದಪ್ಪ ದಾರದ ಮೈಮೇಲೆ ಪುಟ್ಟ ಪುಟ್ಟ ತಲೆಗಳಿರ್ತವೆ. ಅವು ಸಣ್ಣ ದಾರವನ್ನ ಹಿಡಿದು ಎಳೆದಾಗ ಎಳೆ ಗಿಡ್ಡ ಆಗುತ್ತೆ, ನಿನ್ನ ಕೈ ಮಡಚುತ್ತೆ. ಸುಮ್ಮನಿರುವಾಗ ಹಿಡಿಯೋ ಜಾಗಗಳನ್ನ ಇನ್ನೊಂದು ತೆಳು ಎಳೆ ಮುಚ್ಚಿಕೊಂಡಿರುತ್ತೆ. ನರದಿಂದ ಸುದ್ದಿ ಬಂತು ಅಂದ್ರೆ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ನುಗ್ಗಿ ಬಂದು ಅಲ್ಲಿ ಕೂರುತ್ತೆ. ಮುಚ್ಚಿದ್ದು ಪಕ್ಕಕ್ಕೆ ಸರಿಯುತ್ತೆ, ತಲೆಗಳು ಹಿಡೀತವೆ. ಕಣ್ಣು ರೆಪ್ಪೆ ಬಡಿಯೋದ್ರೊಳಗೆ ಇಷ್ಟೂ ನಡೆದು ಹೋಗುತ್ತೆ. ಆಮೇಲೆ ಆ ಕ್ಯಾಲ್ಸಿಯಂನೆಲ್ಲ ತಿರುಗಿ ಚೀಲಕ್ಕೆ ತುಂಬಬೇಕು. ಹಿಡಿಯೋಕೆ ಮಾತ್ರ ಅಲ್ಲ, ಬಿಡೋಕೂ ಶಕ್ತಿ ಖರ್ಚಾಗುತ್ತೆ ಚಿಕ್ಕಮ್ಮ. ನಾನು ಓದ್ತಿರೋದು ಆ ಬಿಡೋ ಭಾಗವನ್ನ.

ಇಲಿಯ ಕಾಲಿನ ಎಳೆ ಬಿಡಿಸಿ, ಕ್ಯಾಲ್ಸಿಯಂ ಹನಿ ಹಾಕಿ, ಅದು ಬಿಗಿಯೋದನ್ನ ನೋಡ್ತೀನಿ. ತೊಳೆದು, ಸಡಿಲ ಆಗೋದನ್ನ ಅಳೀತೀನಿ. ಎಲ್ಲಾ ತುಂಬಾ ಚೆನ್ನಾಗಿ ನಡೀತಿದೆ. ನನ್ನ ಚಿಂತೆ ಬೇಡ.

ನಿನ್ನ ಸಂಘೂ


ದಿಬ್ಬೂರಹಳ್ಳಿ
3 ಜುಲೈ 2024

ಸಂಘೂ,

ಅಮ್ಮಾಜಮ್ಮನಿಗೆ ಓದಿ ಹೇಳಿದೆ. ಅವಳು ತನ್ನ ತೋಳು ಮಡಚಿ, ನೀಡಿ, ಮಡಚಿ, “ಇಷ್ಟಕ್ಕೆ ಅಷ್ಟೆಲ್ಲಾ ನಡೀತದಾ?” ಅಂತ ನೋಡ್ಕೊಂಡ್ಲು. ಮಧ್ಯಾಹ್ನ ಮಕ್ಕಳಿಗೂ ಅದೇ ಆಟ.

ಇಲಿಗೆ ನೋವಾಗಲ್ವಾ? ಗೋಡೆ ಮೇಲಿನ ಬುದ್ಧನ ಪಟ ನೋಡ್ಕೊಂಡು ಕೇಳ್ತಾ ಇದ್ದೀನಿ, ಬೈಯೋಕಲ್ಲ.

ಕ್ಯಾಲ್ಸಿಯಂ ಅಂದ್ರೆ ಮೂಳೆಗೆ ಅಂತ ಅಷ್ಟೇ ಅಂದ್ಕೊಂಡಿದ್ದೆ. ಗರ್ಭಿಣಿಯರಿಗೆ ನಾನೇ ಆ ಮಾತ್ರೆ ಕೊಟ್ಟು ನುಂಗಿಸ್ತೀನಿ. ಆಪರೇಷನ್ ಆದಾಗ ನನಗೂ ಕೊಟ್ಟಿದ್ರು, ಸೀಮೆಸುಣ್ಣದ ತುಂಡಿನಂಥದ್ದು. ಹೊಟ್ಟೆ ಕಟ್ತಿತ್ತು. ಕಲ್ಲಾಗುತ್ತೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ರು. ಸದ್ಯ, ಮುಗೀತು. ಥೈರಾಯ್ಡ್‌ದು ಸಣ್ಣ ಮಾತ್ರೆ ಮಾತ್ರ ತಪ್ಪಿಸಿಲ್ಲ.

ನಿನ್ನ ಪರೀಕ್ಷೆ ಥರ ಏನೋ ಅಕ್ಟೋಬರ್‌ನಲ್ಲಿ ಇದೆ ಅಂದಿದ್ದೆಯಲ್ಲ, ಅದು ಮುಗಿಯೋ ತನಕ ಇತ್ತ ಮುಖ ಹಾಕ್ಬೇಡ.

ಇವತ್ತು ಇಷ್ಟೇ. ಮೊಟ್ಟೆ ಬೇಯಿಸೋಕೆ ಇಡ್ಬೇಕು.

ಗಂಗುಲಮ್ಮ


ಪುಣೆ
15 ಜುಲೈ 2024

ಚಿಕ್ಕಮ್ಮ,

ಇಲಿಗೆ ಮೊದಲು ಪ್ರಜ್ಞೆ ತಪ್ಪೋ ಔಷಧಿ ಕೊಟ್ಟು, ನೋವು ಗೊತ್ತಾಗದ ಹಾಗೆ ಮಾಡ್ತೀವಿ. ಆದ್ರೂ ನೀನು ಕೇಳಿದ ಮೇಲೆ ಎರಡು ದಿನ ಕೈ ಓಡಲಿಲ್ಲ. ಈಗ ಪ್ರತಿ ಸಲ ಮನಸ್ಸಲ್ಲೇ ಕ್ಷಮಿಸು ಅಂದ್ಕೊಂಡು ಶುರು ಮಾಡ್ತೀನಿ. ಇಲ್ಲಿ ಯಾರಿಗೂ ಹೇಳಿಲ್ಲ, ನಗ್ತಾರೆ.

ಇಲ್ಲಿ ಮಳೆ. ಹಾಸ್ಟೆಲ್ ಕಿಟಕಿಗೆ ಪಾಚಿ. ನಾನು ಮೂರು ಹಾಳೆ ಬರೆದ್ರೆ ನೀನು ಒಂದು ಹಾಳೆ ಬರೀತೀಯ. ಮೊದಲು ನೀನು ಫೋನ್ ಮಾಡಿದ್ರೆ ಸೊಪ್ಪಿನ ಹುಳಿಗೆ ಹಾಕಿದ ಒಗ್ಗರಣೆಯಿಂದ ಹಿಡಿದು ಎಲ್ಲಾ ಹೇಳ್ತಿದ್ದೆ. ಈಗ್ಯಾಕೆ ಇಷ್ಟೊಂದು ಅಳೆದು ಅಳೆದು? ಅಮ್ಮಾಜಮ್ಮನ ಜಗಳ, ಚಿಕ್ಕಪ್ಪನ ಬಸ್ಸಲ್ಲಿ ಕೋಳಿ ತಪ್ಪಿಸಿಕೊಂಡಿದ್ದು, ಏನಾದ್ರೂ ಬರಿ.

ಸಂಘೂ


ದಿಬ್ಬೂರಹಳ್ಳಿ
2 ಆಗಸ್ಟ್ 2024

ಸಂಘೂ,

ಎಲ್ಲಾ ಆರೋಗ್ಯ. ಅಕ್ಷರ ಸೊಟ್ಟಗಿದೆ, ಚಿಕ್ಕಪ್ಪನ ಬಸ್ಸಲ್ಲಿ ಕೂತು ಬರೆದೆ. ನಿನ್ನ ಕೆಲಸ ನೋಡ್ಕೊ.

ಗಂಗುಲಮ್ಮ


ಪುಣೆ
12 ಆಗಸ್ಟ್ 2024

ಚಿಕ್ಕಮ್ಮ,

ನಿನ್ನ ಕಾಗದ ಬಂತು. ಅದನ್ನ ಕಾಗದ ಅನ್ನೋದಾದ್ರೆ.

ಯಾಕೆ ಅಂತ ನನಗೆ ಗೊತ್ತು. ಗೌರಿಬಿದನೂರಿನ ಸಂಬಂಧ ಬೇಡ ಅಂದೆ ಅಂತ ನಿನಗೆ ಬೇಜಾರು. ಸುನೀಲ್ ಒಳ್ಳೆಯವರೇ ಇರಬಹುದು. “ಪಿಎಚ್‌ಡಿ ಮುಗಿದ ಮೇಲೆ ಮನೇಲಿ ಇರ್ತೀರಲ್ವಾ?” ಅಂತ ಅವರಮ್ಮ ಕೇಳಿದ್ದು ನೀನೂ ಕೇಳಿಸ್ಕೊಂಡೆ. ಅವತ್ತು ನೀನು ತಟ್ಟೆ ತೆಗೀತಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ದೆ. ನೀನು ನನ್ನ ಪಕ್ಷ ಅಂದ್ಕೊಂಡಿದ್ದೆ. ಈಗ ಊರವರು ಏನೋ ಅಂದಿರಬೇಕು, ನಿನ್ನ ಮನಸ್ಸು ತಿರುಗಿರಬೇಕು.

ಬೈಯೋದಿದ್ರೆ ಬೈದುಬಿಡು. ಎರಡು ಸಾಲು ಬರೆದು ಅಂಚೆಗೆ ಹಾಕ್ಬೇಡ. ಯಾರಿಗೋ ಬರೆದ ಹಾಗಿದೆ ಅದು.

ಸಂಘಮಿತ್ರ


ಪುಣೆ
29 ಆಗಸ್ಟ್ 2024

ಚಿಕ್ಕಮ್ಮ,

ಚಿಕ್ಕಪ್ಪ ಫೋನಲ್ಲಿ “ಚೆನ್ನಾಗಿದ್ದಾಳೆ ಕಣಮ್ಮ, ಬರೀತಾಳೆ” ಅಂತಾರೆ. ನೆಟ್‌ವರ್ಕ್ ಸರಿ ಇಲ್ಲ ಅಂದ ದನೀಲೇ ಅಂತಾರೆ.

ಹೋದ ಕಾಗದ ಹರಿದು ಹಾಕು. ನನಗೆ ಅಷ್ಟು ದೂರದಿಂದ ನಿನ್ನ ಮುಖ ಕಾಣಲ್ಲ. ಮುಖ ಕಾಣದೆ ಏನೇನೋ ಅಂದ್ಕೊಳ್ತೀನಿ. ಒಂದು ಸಲ ನಿಜ ಹೇಳು. ಏನಿದ್ರೂ ಸರಿ.

ನಿನ್ನ ಸಂಘೂ


ದಿಬ್ಬೂರಹಳ್ಳಿ
5 ಸೆಪ್ಟೆಂಬರ್ 2024

ನನ್ನ ಮಗಳೇ,

ಇದನ್ನ ಒಂದೇ ಉಸಿರಿಗೆ ಬರೀತಾ ಇಲ್ಲ. ಕೈ ಬಿಟ್ಟಾಗ ಬರೆದು, ಹಿಡಿದಾಗ ಇಟ್ಟು, ಆಮೇಲೆ ಮತ್ತೆ ತಗೋತೀನಿ. ಗೌರಿಬಿದನೂರಿನವರ ಮನೆ ಹಾಳಾಗ್ಲಿ, ನಾನು ಅವರನ್ನ ನೆನೆಸ್ಕೊಂಡೇ ಇಲ್ಲ. ಆ ಮಾತು ಓದಿ ಅತ್ತೆ. ಬರೆಯೋಣ ಅಂದ್ರೆ ಪೆನ್ನು ಹಿಡಿಯೋಕೆ ಆಗ್ತಿರಲಿಲ್ಲ.

ಜುಲೈಯಿಂದ ಹೀಗೆ. ಮೊದಲು ಬಾಯಿ ಸುತ್ತ ಇರುವೆ ಹರಿದಾಡಿದ ಹಾಗೆ. ಆಮೇಲೆ ಬೆರಳ ತುದಿ ಜುಮುಜುಮು. ಆಮೇಲೆ ಕೈ ತಾನಾಗೇ ಮಡಚಿಕೊಳ್ಳುತ್ತೆ. ಶಿಡ್ಲಘಟ್ಟದ ಪೇಟೇಲಿ ಬಳೆ ತೊಡಿಸೋರು ಬೆರಳೆಲ್ಲ ಒಟ್ಟು ಮಾಡಿ, ಹೆಬ್ಬೆರಳನ್ನ ಒಳಕ್ಕೆ ತಳ್ಳಿ ಹಿಂಡ್ತಾರಲ್ಲ, ಹಾಗೆ. ಬಳೆಯೂ ಇಲ್ಲ, ಹಿಂಡೋರೂ ಇಲ್ಲ, ಕೈ ಮಾತ್ರ ಆ ಥರ ನಿಂತುಬಿಡುತ್ತೆ. ಬಿಚ್ಚೋಣ ಅಂದ್ರೆ ನನ್ನ ಮಾತು ಕೇಳಲ್ಲ. ನೋವು ಅಂದ್ರೆ ನೋವು.

ನಲ್ಲಪ್ಪನ ಮೊಮ್ಮಗಳು ಹರಿತಾ ಗೊತ್ತಲ್ಲ, ಮೂರು ವರ್ಷದ್ದು, ತೆಲುಗು ಬಿಟ್ರೆ ಬೇರೆ ಮಾತಾಡದ್ದು. ಆಗಸ್ಟ್‌ನಲ್ಲಿ ಒಂದಿನ ಊಟಕ್ಕೆ ಮುಂಚೆ ಅದರ ಮಣಿಕಟ್ಟು ಹಿಡ್ಕೊಂಡು ಕೈ ತೊಳೆಸ್ತಿದ್ದೆ. ಹಾಗೇ ನನ್ನ ಕೈ ಬಿಗೀತು. ಮಗು “ಅಮ್ಮಾ” ಅಂತ ಚೀರ್ತು. ಬಿಡೋಕಾಗ್ತಿಲ್ಲ. ಅಮ್ಮಾಜಮ್ಮನ್ನ ಕೂಗೋಣ ಅಂದ್ರೆ ನನಗೆ ದನಿ ಇಲ್ಲ. ಮಗು ಚೀರ್ತಾ ಇದೆ, ನಾನು ಉಸಿರಲ್ಲೇ ಕೂಗ್ತಾ ಇದ್ದೀನಿ. ಅಮ್ಮಾಜಮ್ಮ ಒಳಗಿಂದ ಬಂದವಳು ನಾನು ಹೊಡೀತಿದ್ದೀನಿ ಅಂದ್ಕೊಂಡ್ಲಂತೆ. ಆಮೇಲೆ ಒಂದೊಂದೇ ಬೆರಳು ಎತ್ತಿ ಬಿಡಿಸಿದ್ಲು. ಆ ಪುಟ್ಟ ಮಣಿಕಟ್ಟಿನ ಮೇಲೆ ನನ್ನ ಹೆಬ್ಬೆರಳು ನೀಲಿಯಾಗಿ ಮೂಡಿತ್ತು.

ಹರಿತಾನ ಅಮ್ಮ ಮಾರನೇ ದಿನದಿಂದ ಕಳಿಸಲಿಲ್ಲ. ಟೀಚರ್‌ಗೆ ಮೂರ್ಛೆ ರೋಗ ಅಂತ ಊರಲ್ಲಿ ಮಾತು ಹುಟ್ಟಿತು. ಚಿಂತಾಮಣೀಲಿ ಒಬ್ಬರು ಡಾಕ್ಟರಿಗೆ ತೋರಿಸಿದ್ವಿ. ಅವರೆದುರು ಕೈ ಸರಿಯಾಗೇ ಇತ್ತು. ನರದ ವೀಕ್ನೆಸ್ಸು, ವಯಸ್ಸಿನ ತೊಂದರೆ, ನಿದ್ದೆ ಮಾಡಿ ಅಂತ ಮಾತ್ರೆ ಬರೆದ್ರು. ಕವಿತ ಮೇಡಂ ಒಳ್ಳೆಯವರು, ಆದ್ರೆ “ಮಕ್ಕಳ ಜವಾಬ್ದಾರಿ ಗಂಗುಲಮ್ಮ, ಯೋಚನೆ ಮಾಡಿ” ಅಂದ್ರು. ಯೋಚನೆ ಮಾಡಿದೆ. ಅಕ್ಟೋಬರ್ ಒಂದರಿಂದ ಬಿಟ್ಟುಬಿಡೋಣ ಅಂತಿದ್ದೀನಿ. ಹಿಡಿದ ಮಗುವನ್ನ ಬಿಡೋಕೆ ಬರದ ಕೈ ಅಂಗನವಾಡಿಗೆ ಯಾಕೆ?

ನಿನ್ನ ಪರೀಕ್ಷೆ ಮುಗಿಯೋವರೆಗೂ ಹೇಳಬಾರದು ಅಂತಿದ್ದೆ. ಬರಬೇಡ. ಓದಿಕೊ.

ಗಂಗುಲಮ್ಮ


ರೈಲಿನಲ್ಲಿ, ಸೊಲ್ಲಾಪುರ ದಾಟಿದ ಮೇಲೆ
10 ಸೆಪ್ಟೆಂಬರ್ 2024

ಚಿಕ್ಕಮ್ಮ,

ಇದನ್ನ ಅಂಚೆಗೆ ಹಾಕಲ್ಲ. ನಾಳೆ ಗೌರಿಬಿದನೂರಲ್ಲಿ ಇಳಿದು, ಬಸ್ ಹಿಡಿದು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನಿನ್ನ ದಿಂಬಿನ ಪಕ್ಕ ಇಡ್ತೀನಿ. ನನ್ನನ್ನ ನೋಡಿದ ತಕ್ಷಣ ನೀನು “ಯಾಕೆ ಬಂದೆ?” ಅಂತೀಯ. ಅದಕ್ಕೆ ಮೊದಲು ಇದನ್ನ ಓದು.

ಬೆಳಿಗ್ಗೆ ನಿನ್ನ ಕಾಗದ ಬಂತು. ಬಳೆ ತೊಡಿಸೋರು ಹಿಂಡಿದ ಹಾಗೆ ಅನ್ನೋ ಸಾಲಿಗೆ ಬಂದಾಗ ಎದ್ದು ಪುಸ್ತಕ ತೆಗೆದೆ. ಆ ಕೈಯ ಚಿತ್ರ ನಮ್ಮ ಪುಸ್ತಕದಲ್ಲಿದೆ. ಜುಲೈನಲ್ಲಿ ನೀನು ಮಾತ್ರೆ ಮುಗೀತು ಅಂತ ಬರೆದಿದ್ದನ್ನೂ ನಾನು ಓದಿದ್ದೆ. ಓದಿ ನಿನಗೆ ಇಲಿಯ ಬಗ್ಗೆ ಬರೆದೆ.

ಚಿಕ್ಕಪ್ಪನಿಗೆ ಫೋನ್ ಮಾಡಿದಾಗ ಬಸ್ಸು ಚಿಂತಾಮಣಿ ಸ್ಟ್ಯಾಂಡಿಗೆ ಬರ್ತಿತ್ತು. “ಚಿಕ್ಕಪ್ಪ, ನೆಟ್‌ವರ್ಕ್ ಸರಿ ಇಲ್ಲ ಅಂದ್ರೆ ಸುಮ್ಮನಿರಲ್ಲ” ಅಂದೆ. ಅವರು “ಬೆಳಿಗ್ಗೆ ಕಾಲೂ ಹಿಡೀತಮ್ಮ, ಉಸಿರು ಎಳೆಯೋವಾಗ ಗಂಟಲಲ್ಲಿ ಸಿಳ್ಳೆ ಬಂದ ಹಾಗೆ ಆಯ್ತು, ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸಿದ್ದಾಳೆ” ಅಂದ್ರು. ಈಗಲೇ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋಗಿ, ಥೈರಾಯ್ಡ್ ತೆಗೆದಿದ್ದಾರೆ, ಕ್ಯಾಲ್ಸಿಯಂ ನೋಡಿ ಅಂತ ಬಾಗಿಲಲ್ಲೇ ಹೇಳಿ ಅಂದೆ. ಟಿಕೆಟ್ ಮಷೀನು ಡಿಪೋದವರ ಕೈಗಿಟ್ಟು ಬಂದ್ರಂತೆ.

ಥೈರಾಯ್ಡ್ ಹಿಂದುಗಡೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿ ಇರ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಅಂತ ನೋಡ್ಕೊಳ್ಳೋದು ಅವು. ಆಪರೇಷನ್ ಆದಾಗ ಎಷ್ಟು ಜೋಪಾನ ಮಾಡಿದ್ರೂ ಒಮ್ಮೊಮ್ಮೆ ಅವಕ್ಕೆ ಏಟಾಗುತ್ತೆ. ಅವು ಸುಧಾರಿಸ್ಕೊಳ್ಳೋವರೆಗೂ ಇರಲಿ ಅಂತಲೇ ಆ ಸೀಮೆಸುಣ್ಣದಂಥ ಮಾತ್ರೆ ಕೊಟ್ಟಿದ್ದು.

ನೀನು ಕೇಳ್ತೀಯ. ಕ್ಯಾಲ್ಸಿಯಂ ಬಂದ್ರೆ ಸ್ನಾಯು ಹಿಡಿಯೋದು ಅಂತ ನಾನೇ ಬರೆದಿದ್ದೆ, ಹಾಗಾದ್ರೆ ಕಡಿಮೆ ಆದಾಗ ಕೈ ಜೋತುಬೀಳಬೇಕು, ಯಾಕೆ ಬಿಗಿಯುತ್ತೆ ಅಂತ. ಸ್ನಾಯುವಿನೊಳಗಿನ ಚೀಲದಲ್ಲಿರೋದು ಒಂದು, ರಕ್ತದಲ್ಲಿ ಓಡಾಡೋದು ಇನ್ನೊಂದು. ಚೀಲದ್ದು ಅಷ್ಟು ಬೇಗ ಖಾಲಿ ಆಗಲ್ಲ. ರಕ್ತದ್ದು ನರಗಳ ಬಾಗಿಲನ್ನ ಭದ್ರವಾಗಿ ಇಟ್ಟಿರುತ್ತೆ. ಅದು ಕಡಿಮೆ ಆದ್ರೆ ಬಾಗಿಲು ಸಡಿಲ. ಯಾರೂ ಹೇಳದೆ ನರ ತಾನಾಗೇ ಹಿಡಿ, ಹಿಡಿ ಅಂತ ಕೂಗ್ತಾ ಹೋಗುತ್ತೆ. ಸ್ನಾಯು ಪಾಪ, ಹೇಳಿದ್ದು ಕೇಳುತ್ತೆ. ನಿನ್ನ ಕೈಯಲ್ಲಿ ಏನೂ ಕೆಟ್ಟಿಲ್ಲ ಚಿಕ್ಕಮ್ಮ. ಇದು ಮೂರ್ಛೆ ರೋಗ ಅಲ್ಲ. ವಯಸ್ಸೂ ಅಲ್ಲ. ಆ ಮಗುವಿನ ಕೈಯನ್ನ ಹಿಡಿದದ್ದು ನೀನಲ್ಲ.

ರೈಲು ಅಲ್ಲಾಡ್ತಿದೆ. ನನ್ನ ಅಕ್ಷರ ಸೊಟ್ಟಗಿರೋದು ನಿಜವಾಗಲೂ ಅದಕ್ಕೇ.

ಸಂಘೂ


ದಿಬ್ಬೂರಹಳ್ಳಿ
2 ಅಕ್ಟೋಬರ್ 2024

ಸಂಘೂ,

ನೀನು ಹೋದ ಮೇಲೆ ಮನೆ ಬಿಕೋ ಅಂತಿದೆ. ನೀನು ಗೋಡೆಗೆ ಅಂಟಿಸಿದ ಚೀಟಿ ಇದೆ, ಬೆಳಿಗ್ಗೆದು, ಮಧ್ಯಾಹ್ನದ್ದು, ರಾತ್ರಿದು. ಚಿಕ್ಕಪ್ಪ ಬಸ್ಸಲ್ಲಿ ಟಿಕೆಟ್ ಕೇಳೋ ದನೀಲಿ “ಮಾತ್ರೆ, ಮಾತ್ರೆ” ಅಂತಾರೆ.

ಅವತ್ತಿನದು ನಿನಗೆ ಪೂರ್ತಿ ಹೇಳಿಲ್ಲ. ಪಿಸುಮಾತಲ್ಲಿ ಅಷ್ಟುದ್ದ ಆಗಲ್ಲ. ಆಸ್ಪತ್ರೇಲಿ ನರ್ಸು ಬಿಪಿ ನೋಡೋಕೆ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದ್ಲು. ತುಂಬ್ತಾ ತುಂಬ್ತಾ ಕೈ ಮಡಚಿಕೊಳ್ತಲ್ಲ! ಡಾಕ್ಟರಮ್ಮ, ಚಿಕ್ಕ ಹುಡುಗಿ, ನಿನ್ನಷ್ಟೇ ವಯಸ್ಸು, ಓಡಿ ಬಂದು, “ಇರಲಿ, ಬಿಚ್ಚಬೇಡಿ, ನೋಡ್ತೀನಿ” ಅಂದ್ಲು. ಊರೆಲ್ಲಾ ಮೂರ್ಛೆ ಅಂದಿದ್ದನ್ನ ಒಬ್ಬರು ನಿಂತು ನೋಡಿದ್ರಲ್ಲ, ಅಷ್ಟಕ್ಕೇ ನನಗೆ ಅಳು ಬಂತು.

ರಕ್ತ ತಗೊಂಡ್ರು. ಎದೆಗೆ ವೈರು ಅಂಟಿಸಿದ್ರು. ಸಿರಿಂಜಲ್ಲಿ ಕ್ಯಾಲ್ಸಿಯಂ ಎಷ್ಟು ನಿಧಾನ ಬಿಟ್ರು ಅಂದ್ರೆ ಚಿಕ್ಕಪ್ಪನಿಗೆ ತಡೆಯೋಕಾಗದೆ “ಸ್ವಲ್ಪ ಬೇಗ ಹಾಕಿ ತಾಯಿ” ಅಂದ್ರು. “ಬೇಗ ಹಾಕಿದ್ರೆ ಹೃದಯಕ್ಕೆ ತೊಂದರೆ ಅಪ್ಪಾಜಿ, ಅದೂ ಮಾಂಸಖಂಡನೇ ಅಲ್ವಾ?” ಅಂದ್ಲು ಡಾಕ್ಟರಮ್ಮ. ಮೈಯೆಲ್ಲಾ ಬಿಸಿ ಹರಿದ ಹಾಗಾಯ್ತು. ಆಮೇಲೆ ಕಿರುಬೆರಳು ಅಲ್ಲಾಡ್ತು. ನಾನು ಅಲ್ಲಾಡಿಸಿದ್ದಕ್ಕೆ ಅಲ್ಲಾಡ್ತು. ಚಿಕ್ಕಪ್ಪ ನನ್ನ ಅಂಗೈ ತಮ್ಮ ಕೆನ್ನೆಗೆ ಒತ್ತಿಕೊಂಡು ಕೂತ್ರು. ಮದುವೆ ಆಗಿ ಮೂವತ್ತು ವರ್ಷದಲ್ಲಿ ನಾಲ್ಕು ಜನರೆದುರಿಗೆ ಹಾಗೆ ಮಾಡಿದ್ದು ಅದೇ ಮೊದಲು. ನರ್ಸು ಆ ಕಡೆ ತಿರುಗಿಕೊಂಡ್ಲು.

ಇನ್ನೊಂದು ಕೇಳ್ತೀನಿ. ಹನ್ನೆರಡು ದಿನ ಇದ್ದೆ. ಎಳೆ, ಇಲಿ, ಅಕ್ಟೋಬರ್ ಪರೀಕ್ಷೆ, ಒಂದರ ಬಗ್ಗೆಯೂ ಬಾಯಿ ಬಿಡಲಿಲ್ಲ. ಅಮ್ಮಾಜಮ್ಮ ಕೇಳಿದಾಗ ನೀನು ಎದ್ದು ಪಾತ್ರೆ ತೊಳೆಯೋಕೆ ಹೋದೆ. ಪಾತ್ರೆ ತೊಳೆದೇ ಇತ್ತು. ಏನು ಬಚ್ಚಿಟ್ಟಿದ್ದೀಯ?

ಗಂಗುಲಮ್ಮ


ಪುಣೆ
16 ಅಕ್ಟೋಬರ್ 2024

ಚಿಕ್ಕಮ್ಮ,

ಎಲ್ಲಾ ಚೆನ್ನಾಗಿ ನಡೀತಿದೆ ಅಂತ ಜೂನ್‌ನಲ್ಲಿ ಬರೆದಿದ್ದು ಸುಳ್ಳು. ಜನವರಿಯಿಂದ ಒಂದೂ ಸರಿಯಾಗಿಲ್ಲ. ನನ್ನ ಎಳೆಗಳು ಕ್ಯಾಲ್ಸಿಯಂ ಹಾಕಿದ್ರೆ ಬಿಗೀತಿದ್ವು, ತೊಳೆದ್ರೆ ಬಿಡ್ತಿರಲಿಲ್ಲ. ಸತ್ತವರ ಮೈ ಸೆಟೆದ ಹಾಗೆ ಹಾಗೇ ನಿಂತುಬಿಡ್ತಿದ್ವು. ನಾನು ಓದೋಕೆ ಬಂದಿರೋದೇ ಬಿಡೋದನ್ನ. ಬಿಟ್ಟು ವಾಪಸ್ ಬಂದುಬಿಡೋಣ ಅಂತ ಎಷ್ಟೋ ಸಲ ಬ್ಯಾಗು ಕೆಳಗಿಳಿಸಿದ್ದೆ. ನೀನು ಅಮ್ಮಾಜಮ್ಮನಿಗೆ ನನ್ನ ಕಾಗದ ಓದಿ ಹೇಳ್ತೀಯ ಅಂತ ಗೊತ್ತಾದ ಮೇಲೆ ಹೇಳೋಕೆ ನಾಚಿಕೆ ಆಯ್ತು.

ನಿನ್ನ ಹತ್ತಿರ ಇದ್ದು ಬಂದ ಮೇಲೆ ನೇರ ನಮ್ಮ ಗೈಡ್ ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತು, ಒಂದೊಂದೇ ಬಾಟಲಿ ಕೇಳ್ತಾ ಹೋದ್ರು. ಎಳೆ ಬಿಡಬೇಕಾದ್ರೆ ಎಟಿಪಿ ಅನ್ನೋ ಇಂಧನ ಬೇಕು. ನಮ್ಮದು ಫ್ರೀಜರ್ ಕೆಟ್ಟಿದ್ದಾಗ ಹಾಳಾಗಿ ಹೋಗಿರಬಹುದು ಅಂದ್ರು. ಹೊಸದಾಗಿ ಕಲಸಿದ್ವಿ. ನಿನ್ನೆ ಮೊದಲನೇ ಎಳೆ ಬಿಡ್ತು. ಎಲ್ಲಾ ಬಿಡ್ತವೆ ಅಂತ ಹೇಳೋಕಾಗಲ್ಲ, ಎರಡನೇದು ಬಿಡಲಿಲ್ಲ. ನನ್ನ ಅಕ್ಟೋಬರ್ ಪರೀಕ್ಷೆಯ ಕಮಿಟಿಯವರು ಮಾರ್ಚ್‌ವರೆಗೂ ಟೈಮ್ ಕೊಟ್ಟಿದ್ದಾರೆ. ಆಮೇಲೆ ಏನು ಅಂತ ಗೊತ್ತಿಲ್ಲ.

ಅಷ್ಟೇ. ಬಚ್ಚಿಟ್ಟಿದ್ದು ಇನ್ನೇನೂ ಇಲ್ಲ. ಅಂಗನವಾಡಿ ಏನಾಯ್ತು?

ಸಂಘೂ


ದಿಬ್ಬೂರಹಳ್ಳಿ
7 ನವೆಂಬರ್ 2024

ಸಂಘೂ,

ಮಾರ್ಚ್ ಆದ ಮೇಲೆ ಏನು ಅಂತ ನನಗೂ ಗೊತ್ತಿಲ್ಲ. ಬ್ಯಾಗು ಕೆಳಗಿಳಿಸೋ ದಿನ ಬಂದ್ರೆ ಕೆಳಗಿಳಿಸೋ ಮೊದಲು ನನಗೆ ಬರಿ. ಬಾ ಅಂತೀನೋ, ಇರು ಅಂತೀನೋ, ಅವತ್ತು ನೋಡೋಣ.

ಕೆಲಸ ಬಿಡಲಿಲ್ಲ. ಡಾಕ್ಟರಮ್ಮ ಕವಿತ ಮೇಡಂಗೆ ತಾವೇ ಫೋನ್ ಮಾಡಿ ಮೂರ್ಛೆ ರೋಗ ಅಲ್ಲ ಅಂತ ಹೇಳಿದ್ರಂತೆ. ರಕ್ತ ಪರೀಕ್ಷೆ ಈಗ ಸರಿ ಬರ್ತಿದೆ. ಆ ಅಕ್ಕಿಕಾಳುಗಳು ಏಳ್ತಾವೋ ಇಲ್ವೋ ಇನ್ನೂ ಹೇಳೋಕಾಗಲ್ಲ, ಏಳದಿದ್ರೆ ಇರೋವರೆಗೂ ಮಾತ್ರೆ ಅಂದ್ರು. ನುಂಗಿದ್ರಾಯ್ತು. ಮಕ್ಕಳೆಲ್ಲಾ ಬಂದ್ವು, ಹರಿತಾ ಒಂದು ಬಿಟ್ಟು.

ನಿನ್ನೆ ಅವರ ಮನೆಗೆ ಹೋದೆ. ಅಮ್ಮಾಜಮ್ಮ ಜೊತೆಗೆ ಬರ್ತೀನಿ ಅಂದ್ಲು, ಬೇಡ ಅಂದೆ. ಅವಳು ಕೂಗ್ತಾಳೆ. ಜಗಲಿ ಮೇಲೆ ನಲ್ಲಪ್ಪ ಕೂತಿದ್ದ. “ಮಗು ಕೈ ಮುರಿದು ಹೋಗ್ತಿತ್ತಲ್ಲ ಟೀಚರಮ್ಮ” ಅಂದ. ಹೌದು, ಹೋಗ್ತಿತ್ತು ಅಂದೆ. ಅವನು ಕೂರೋಕೆ ಚಾಪೆ ಸರಿಸಿದ. ಹರಿತಾನ ಅಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚೋದು ನಿಲ್ಲಿಸಲಿಲ್ಲ. ಮಗು ನನ್ನ ನೋಡಿ ಬಾಗಿಲ ಹಿಂದೆ ಹೋಯ್ತು.

ನೀನು ರೈಲಲ್ಲಿ ಬರೆದಿದ್ದನ್ನೆಲ್ಲಾ ಹೇಳಿದೆ. ನರ, ಬಾಗಿಲು, ರಕ್ತ, ನನಗೆ ಬಂದ ಹಾಗೆ. ನನ್ನದು ಪಿಸುಮಾತು, ಬಾಗಿಲ ಹಿಂದಕ್ಕೆ ಕೇಳಿಸಲ್ಲ. ಕೇಳಿಸಲ್ಲ ಅಂತ ಮಗು ಒಂದು ಹೆಜ್ಜೆ ಈಚೆ ಬಂತು. ಇನ್ನೊಂದು ಹೆಜ್ಜೆ. ಕೊನೆಗೆ ನನ್ನ ಬಾಯಿ ಹತ್ತಿರ ಕಿವಿ ಇಟ್ಟು ನಿಂತಿತು.

“ನೊಪ್ಪಾ?” ಅಂತ ನನ್ನ ಕೈ ತೋರಿಸಿ ಕೇಳ್ತು. ನೋವಾ ಅಂತ.

ಈಗ ಇಲ್ಲ ಕಣಮ್ಮ ಅಂದೆ.

ಸ್ವಲ್ಪ ಹೊತ್ತು ನೋಡ್ತು. ಆಮೇಲೆ ತನ್ನ ಕೈಯನ್ನೇ, ಅವತ್ತಿನ ಅದೇ ಮಣಿಕಟ್ಟನ್ನೇ, ನನ್ನ ಮುಂದೆ ಚಾಚಿ “ಪಟ್ಟುಕೋ” ಅಂತು. ಹಿಡ್ಕೋ ಅಂತೆ! ಸೊಪ್ಪು ಹೆಚ್ಚೋ ಸದ್ದು ನಿಂತುಹೋಯ್ತು. ನನಗೆ ಭಯ ಆಯ್ತು ಸಂಘೂ, ಸುಳ್ಳು ಹೇಳಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ್ನಾ ಅಂತ ಎರಡು ಸಲ ನೆನೆಸ್ಕೊಂಡೆ. ಹಿಡ್ಕೊಂಡೆ.

“ಇಡ್ಸು” ಅಂತು, ಬಿಡು ಅಂತ.

ಬಿಟ್ಟೆ.

ನಗು ಅಂದ್ರೆ ನಗು ಅದಕ್ಕೆ. ಪಟ್ಟುಕೋ, ಇಡ್ಸು, ಪಟ್ಟುಕೋ, ಇಡ್ಸು, ಎಷ್ಟು ಸಲವೋ. ಅದರಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡು, “ಸಾಕು ಬಿಡೇ, ಟೀಚರ್ ಕೈ ನೋಯುತ್ತೆ” ಅಂದ್ಲು. ಟೀಚರ್ ಅಂದ್ಲು.

ಎದ್ದೆ. ನಾನು ಬಿಟ್ಟಿದ್ದೆ, ಆದ್ರೆ ಮಗು ನನ್ನ ಹೆಬ್ಬೆರಳು ಬಿಡಲಿಲ್ಲ. ಹಾಗೇ ಹಿಡ್ಕೊಂಡು, ಚಪ್ಪಲಿನೂ ಹಾಕ್ಕೊಳ್ಳದೆ, ಬೀದಿ ತಿರುವಿನ ತನಕ ನನ್ನ ಜೊತೆ ನಡ್ಕೊಂಡು ಬಂತು.

ನಿನ್ನ ಚಿಕ್ಕಮ್ಮ,
ಗಂಗುಲಮ್ಮ